ಕೂಟಶಾಸನವೂ ಯಂತ್ರಾಜ್ಞೆಯೂ: ಜಮಖಂಡಿ ಸೀಮೆಯ ಮಗ್ಗ, ಗಾಣ, ತೂಬುಗಳನ್ನು ಕುರಿತ ಒಂದು ವಿಚಾರ

ತಾಮ್ರಪಟವೊಂದು ಕೈಗೆ ಬಂದಾಗ ಶಾಸನಪರಿಶೋಧಕನು ಅದರ ಒಕ್ಕಣೆಯನ್ನು ಒಡನೆಯೇ ನಂಬುವುದಿಲ್ಲ. ಪಟಗಳನ್ನು ಕೋದ ಬಳೆಯು ಕತ್ತರಿಸಲ್ಪಟ್ಟಿದೆಯೇ, ಬಳೆಯ ಮೇಲಿನ ಮುದ್ರೆಯು ಆ ವಂಶದ ಲಾಂಛನಕ್ಕೆ ಒಪ್ಪುವುದೇ, ಅಕ್ಷರಗಳ ರೂಪವು ಆ ಕಾಲಕ್ಕೆ ಸಲ್ಲುವುದೇ, ತಿಥಿ ವಾರ ನಕ್ಷತ್ರಗಳು ಒಂದಕ್ಕೊಂದು ಹೊಂದುವುವೇ ಎಂದು ನೋಡಿಕೊಂಡ ಮೇಲೆಯೇ ಅರಸನು ಇಂತಹ ಭೂಮಿಯನ್ನು ಇಂತಹವನಿಗೆ ಕೊಟ್ಟನೆಂಬ ಮಾತಿಗೆ ಅವನು ಬರುವನು. ೧೯೦೧ನೆಯ ಇಸವಿಯಲ್ಲಿ ಡಾಕ್ಟರ್ ಫ್ಲೀಟರು ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಕೂಟಶಾಸನಗಳ ದೊಡ್ಡದೊಂದು ಪಟ್ಟಿಯನ್ನು ಪ್ರಕಟಿಸಿದರು. ಗಂಗರ ತಾಮ್ರಪಟಗಳನ್ನು ಕುರಿತು ಅವರಿಗೂ ರೈಸ್ ಸಾಹೇಬರಿಗೂ ನಡೆದ ವಾದವು ಕನ್ನಡ ನಾಡಿನ ಇತಿಹಾಸವನ್ನು ಓದಿದವರಿಗೆಲ್ಲ ತಿಳಿದುದೇ. ಇದಕ್ಕೂ ಬಹಳ ಹಿಂದೆ ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ರಾಜನ ಹೆಸರಿನಲ್ಲಿ ಕೂಟಶಾಸನವನ್ನು ರಚಿಸಿದವನಿಗೆ ವಧದಂಡವನ್ನೇ ವಿಧಿಸಿದೆ. ಆಜ್ಞೆಯು ಬಾಯಿಮಾತನ್ನು ಬಿಟ್ಟು ಬರಹವಾದ ಕೂಡಲೆ, ಆ ಬರಹವನ್ನು ಕೃತ್ರಿಮವಾಗಿ ಮಾಡುವವನೂ ಹುಟ್ಟಿದನೆಂದು ಇದರಿಂದ ಊಹಿಸಬಹುದು.

ಯಂತ್ರಕ್ಕೆ ಕೊಡುವ ಆಜ್ಞೆಯೂ ಈಗ ಒಂದು ಬರಹವೇ ಆಗಿದೆ. ಕಬ್ಬಿನ ಕಾರಖಾನೆಯ ಕುದಿಪಾತ್ರೆಗೆ ಎಷ್ಟು ನೀರು ಹೋಗಬೇಕು, ಅಣೆಕಟ್ಟಿನ ಬಾಗಿಲು ಎಷ್ಟು ಏಳಬೇಕು, ವಿದ್ಯುತ್ತಿನ ಯಾವ ಕೊಂಡಿಯನ್ನು ಕಳಚಬೇಕು ಎಂಬುದನ್ನು ಸಂಖ್ಯೆಗಳಲ್ಲಿ ಬರೆದು ತಂತಿಯ ಮೇಲೆ ಕಳುಹಿಸುವರು. ಅತ್ತ ಕಡೆಯ ಪೆಟ್ಟಿಗೆಯು ಅದನ್ನು ಓದಿ ನಡೆಸುವುದು. ಹೀಗಿರಲು ಆ ಬರಹವು ನಿಜವಾಗಿ ಅಧಿಕಾರಿಯಿಂದಲೇ ಬಂದಿತೇ ಎಂಬ ಪ್ರಶ್ನೆಯು ಏಳಲೇಬೇಕು. ಯಂತ್ರಗಳನ್ನು ಕಟ್ಟಿದವರು ಅದನ್ನು ಬಹುಕಾಲ ಕೇಳಲೇ ಇಲ್ಲವೆಂಬುದೂ, ಶಾಸನಪರಿಶೋಧಕರು ನೂರು ವರ್ಷಗಳಿಂದ ಕೇಳುತ್ತ ಬಂದಿರುವ ಪ್ರಶ್ನೆಗಳೇ ಈಗ ಅವರಿಗೂ ಬೇಕಾಗಿವೆಯೆಂಬುದೂ ಈ ಲೇಖನದಲ್ಲಿ ವಿಚಾರಿಸತಕ್ಕ ಸಂಗತಿ. ಅದಕ್ಕೆ ಕೃಷ್ಣಾ ಘಟಪ್ರಭಾ ನದಿಗಳ ನಡುವಣ ಮತ್ತು ಸುತ್ತಣ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಸೀಮೆಯನ್ನು ಆರಿಸಿಕೊಂಡಿದ್ದೇವೆ. ಮಗ್ಗ, ಗಾಣ, ತೂಬು ಈ ಮೂರೂ ಇಷ್ಟು ಹತ್ತಿರದಲ್ಲಿ ಕೂಡಿರುವ ಸ್ಥಳಗಳು ವಿರಳ.

ಮುದ್ರೆಯ ಬೆಲೆಯು ಈ ಸೀಮೆಗೆ ಹೊಸದಲ್ಲ. ೧೯೪೮ರ ವರೆಗೆ ಜಮಖಂಡಿಯು ಪಟವರ್ಧನರ ಸಂಸ್ಥಾನ, ಮುಧೋಳವು ಘೋರ್ಪಡೆಯವರದು, ರಬಕವಿಯು ಸಾಂಗಲಿಗೆ ಸೇರಿದುದು, ಬೀಳಗಿಯು ಇಂಗ್ಲಿಷರ ವಿಜಾಪುರ ಜಿಲ್ಲೆಯ ಊರು. ಕೆಲವು ಹರದಾರಿಗಳೊಳಗೆ ನಾಲ್ಕು ಆಳಿಕೆ. ಒಂದರಿಂದ ಇನ್ನೊಂದಕ್ಕೆ ಹೋಗುವ ಕಾಗದಕ್ಕೆ ಆಯಾ ಸಂಸ್ಥಾನದ ಸಿಕ್ಕೆಯೇ ಪ್ರಾಣ. ಈಗ ಈ ಊರುಗಳೆಲ್ಲ ಬಾಗಲಕೋಟೆ ಜಿಲ್ಲೆಗೆ ಸೇರಿವೆ.

ಮೊದಲು ಮಗ್ಗದ ಮಾತು. ಕೈಮಗ್ಗದಲ್ಲಿ ಆಜ್ಞೆ ಕೊಡುವವನೂ ಕೆಲಸ ಮಾಡುವವನೂ ಒಬ್ಬನೇ. ಸೆರಗಿನ ಚಿತ್ತಾರವು ನೇಯುವವನ ನೆನಪಿನಲ್ಲಿದ್ದು ಕೈಗೆ ಇಳಿಯುವುದು. ಅದನ್ನು ಕದಿಯುವುದಾದರೆ ನೇಕಾರನನ್ನೇ ಕದಿಯಬೇಕು. ೧೮೦೪ರ ಸುಮಾರಿನಲ್ಲಿ ಫ್ರಾನ್ಸಿನ ಲಿಯೋನ್ ಪಟ್ಟಣದ ಜಕಾರ್ಡನು ರಟ್ಟಿನ ಪಟ್ಟಿಗಳಲ್ಲಿ ತೂತುಗಳನ್ನು ಕೊರೆದು ಸರಪಣಿಯಂತೆ ಹೊಲಿದು ಮಗ್ಗದ ನೆತ್ತಿಯ ಮೇಲೆ ಇಟ್ಟನು. ತೂತಿದ್ದೆಡೆ ಸೂಜಿಯು ಒಳಹೋಗಿ ಆ ಹಾಸಿನ ಎಳೆಯು ಏಳುವುದು, ತೂತಿಲ್ಲದೆಡೆ ಏಳದು. ಒಂದು ಪಟ್ಟಿಯೆಂದರೆ ಲಾಳಿಯ ಒಂದು ಓಟ. ಇಲ್ಲಿ ಚಿತ್ತಾರವು ನೇಕಾರನ ಕೈಯನ್ನು ಬಿಟ್ಟು ಪ್ರತ್ಯೇಕವಾದ ಒಂದು ಲಿಖಿತವಾಯಿತು. ರಬಕವಿ ಬನಹಟ್ಟಿಗಳ ವಿದ್ಯುನ್ಮಗ್ಗಗಳ ಮೇಲೂ ಈ ಜಕಾರ್ಡು ಏರಿತು. ಆ ರಟ್ಟಿನ ಸರಪಣಿಯಲ್ಲಿ ಒಂದು ಗುಣವಿತ್ತು: ಅದನ್ನು ಬದಲಿಸಬೇಕಾದರೆ ಮಗ್ಗದ ಬಳಿಗೆ ಬರಬೇಕು, ಏಣಿ ಹತ್ತಬೇಕು, ಹತ್ತಿದವನು ಎಲ್ಲರ ಕಣ್ಣಿಗೂ ಬೀಳುವನು. ಈಗ ಬಂದಿರುವ ವಿದ್ಯುನ್ಮಾನ ಜಕಾರ್ಡಿನಲ್ಲಿ ರಟ್ಟಿಲ್ಲ. ಚಿತ್ತಾರವು ಹೆಬ್ಬೆರಳಷ್ಟರ ಪೆನ್ ಡ್ರೈವಿನಲ್ಲಿ ಬರುವುದು. ಮಗ್ಗದಲ್ಲಿ ತಪ್ಪು ಆಜ್ಞೆ ಹೋದರೆ ಸೀರೆ ಕೆಡುವುದು, ಅಷ್ಟೇ. ಆದರೆ ಲಿಖಿತವು ಕೈಯನ್ನೂ ಸ್ಥಳವನ್ನೂ ಬಿಟ್ಟು ಸಂಚರಿಸತೊಡಗಿದ ಬಗೆಯನ್ನು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನಮಗೆ ದೊರೆಯದು.

ಗಾಣದಲ್ಲಿ ಪೆಟ್ಟು ದೊಡ್ಡದು. ಹಿಂದೆ ಆಲೆಮನೆಯಲ್ಲಿ ಬೆಲ್ಲದ ಪಾಕವು ಬಂದಿತೇ ಎಂಬುದನ್ನು ಕಣ್ಣು ಮೂಗು ಬೆರಳುಗಳಿಂದ ತಿಳಿಯುವ ಜಾಣನೊಬ್ಬನಿರುತ್ತಿದ್ದನು. ಮಹಾಲಿಂಗಪುರದ ಬೆಲ್ಲದ ಪೇಟೆಯು ಅಂತಹವರ ಬೆರಳ ತುದಿಯಿಂದ ಹೆಸರಾಯಿತು. ಸಮೀರವಾಡಿಯಲ್ಲಿಯೂ ಮುಧೋಳದಲ್ಲಿಯೂ ಜಮಖಂಡಿಯ ಸುತ್ತಲೂ ಇರುವ ಇಂದಿನ ಸಕ್ಕರೆಯ ಕಾರಖಾನೆಗಳಲ್ಲಿ ಆ ಬೆರಳಿನ ಕೆಲಸವನ್ನು ಅಳತೆಯ ಉಪಕರಣಗಳೂ ‘ಪಿ.ಎಲ್.ಸಿ.’ ಎಂದು ಕರೆಯಲ್ಪಡುವ ನಿಯಂತ್ರಕ ಪೆಟ್ಟಿಗೆಗಳೂ ಮಾಡುವುವು. ರಸಕ್ಕೆ ಸುಣ್ಣವೆಷ್ಟು ಬೀಳಬೇಕು, ಗಾಣದ ಉರುಳೆಗಳು ಎಷ್ಟು ವೇಗದಿಂದ ತಿರುಗಬೇಕು ಎಂಬುದೆಲ್ಲ ಅವುಗಳ ವಶ. ಎಲ್ಲಕ್ಕಿಂತ ನಾಜೂಕಾದುದು ಕುದಿಪಾತ್ರೆಯ ನೀರಿನ ಮಟ್ಟ. ಅದು ಇಳಿದರೆ ಕೊಳವೆಗಳು ಬೆಂದುಹೋಗುವುವು. ಏರಿದರೆ ಉಗಿಯೊಡನೆ ನೀರು ಹೋಗಿ ಚಕ್ರದ ಅಲಗುಗಳನ್ನು ಮುರಿಯುವುದು. ಗಾಣವು ನಿಂತರೆ ನಷ್ಟವು ಕಾರಖಾನೆಯದು ಮಾತ್ರವಲ್ಲ: ಕಡಿದ ಕಬ್ಬಿನಲ್ಲಿ ಗಂಟೆಗಂಟೆಗೂ ಸಕ್ಕರೆಯು ಇಳಿಯುತ್ತಿರುವಾಗ ಬಂಡಿಗಳ ಸಾಲಿನಲ್ಲಿ ಕಾಯುತ್ತ ನಿಂತವನು ರೈತ. ಇದಲ್ಲದೆ ಸಿಪ್ಪೆಯನ್ನು ಉರಿಸಿ ತೆಗೆದ ವಿದ್ಯುತ್ತನ್ನು ಕಾರಖಾನೆಗಳು ನಾಡಿನ ಜಾಲಕ್ಕೆ ಮಾರುವುವು. ೨೦೧೩ನೆಯ ಡಿಸೆಂಬರ್ ೩೧ರಂದು ರಾಯಚೂರು-ಸೋಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲವು ಉಳಿದ ದೇಶದ ಜಾಲದೊಡನೆ ಕೂಡಿದಂದಿನಿಂದ, ಮುಧೋಳದ ಒಂದು ವಿದ್ಯುಜ್ಜನಕವೂ ಹಿಮಾಲಯದ ತಪ್ಪಲಿನ ಇನ್ನೊಂದೂ ಒಂದೇ ತಾಳಕ್ಕೆ ತಿರುಗುತ್ತಿವೆ.

ಈ ಪೆಟ್ಟಿಗೆಗಳ ಭಾಷೆಯನ್ನು ಕುರಿತು ಒಂದೆರಡು ಮಾತು ಅವಶ್ಯ. ಪಿ.ಎಲ್.ಸಿ.ಯು ೧೯೬೮-೬೯ರಲ್ಲಿ ಅಮೆರಿಕದ ಮೋಟಾರು ಕಾರಖಾನೆಗಳಿಗಾಗಿ ಹುಟ್ಟಿತು. ಅದನ್ನು ಮಾಡಿದ ಮೋಡಿಕಾನ್ ಸಂಸ್ಥೆಯು ೧೯೭೯ರಲ್ಲಿ ಪೆಟ್ಟಿಗೆಗಳು ತಮ್ಮೊಳಗೆ ಮಾತನಾಡುವುದಕ್ಕೆ ‘ಮೋಡ್‌ಬಸ್’ ಎಂಬ ಕಟ್ಟಳೆಯನ್ನು ಏರ್ಪಡಿಸಿತು. ಜಗತ್ತಿನ ಕಾರಖಾನೆಗಳಲ್ಲಿ ಇಂದಿಗೂ ಅದು ಬಳಕೆಯಲ್ಲಿದೆ. ಅದರ ಒಂದು ಓಲೆಯಲ್ಲಿ ನಾಲ್ಕು ಅಂಗಗಳಿರುವುವು: ಯಾವ ಪೆಟ್ಟಿಗೆಗೆ ಎಂಬ ಸಂಖ್ಯೆ, ಯಾವ ಕೆಲಸ ಎಂಬ ಸಂಖ್ಯೆ, ಯಾವ ಸ್ಥಾನದಲ್ಲಿ ಏನು ಬರೆಯಬೇಕೆಂಬ ವಿಷಯ, ಕೊನೆಯಲ್ಲಿ ತಾಳೆನೋಡುವ ಒಂದು ಅಂಕ. ಈ ಕೊನೆಯ ಅಂಕವನ್ನು ಕಂಡು ಕೆಲವರು ಮುದ್ರೆಯೆಂದು ಭ್ರಮಿಸುವುದುಂಟು. ಅದು ಮುದ್ರೆಯಲ್ಲ. ದಾರಿಯಲ್ಲಿ ಅಕ್ಷರ ಕೆಟ್ಟಿದೆಯೇ ಎಂಬುದನ್ನು ಮಾತ್ರ ಅದು ಹೇಳುವುದು. ಹಸ್ತಪ್ರತಿಗಳ ಪರಿಭಾಷೆಯಲ್ಲಿ ಹೇಳುವುದಾದರೆ ಲಿಪಿಕಾರನ ಕೈತಪ್ಪನ್ನು ಅದು ಹಿಡಿಯಬಲ್ಲದು, ಕೂಟಲೇಖಕನನ್ನು ಹಿಡಿಯಲಾರದು. ಏಕೆಂದರೆ ಕೂಟಲೇಖಕನೂ ಆ ಲೆಕ್ಕವನ್ನು ಬಲ್ಲನು. ಬರೆದವನು ಯಾರು ಎಂಬುದಕ್ಕೆ ಆ ಓಲೆಯಲ್ಲಿ ಜಾಗವೇ ಇಲ್ಲ. ಅದನ್ನು ರಚಿಸಿದವರನ್ನು ಇದಕ್ಕಾಗಿ ದೂಷಿಸುವುದು ನ್ಯಾಯವಲ್ಲ. ಒಂದೇ ಗೋಡೆಯೊಳಗೆ ಒಂದೇ ತಂತಿಯ ಮೇಲೆ ಮಾತನಾಡುವವರು ಮನೆಯವರೇ ಎಂದು ಅವರು ತಿಳಿದರು. ಮನೆಯೊಳಗೆ ಯಾರು ಮುದ್ರೆಯೊತ್ತಿ ಮಾತನಾಡುವರು? ಆಮೇಲೆ ಬಂದವರು ಅದೇ ತಂತಿಯನ್ನು ಊರ ಹೊರಗಿನ ತಂತಿಗೆ ಗಂಟುಹಾಕಿದರು. ತಪ್ಪು ಅಲ್ಲಿ ಆಯಿತು.

ಇನ್ನು ತೂಬು. ಹಳೆಯ ಕೆರೆಗಳ ತೂಬನ್ನು ನೀರಗಂಟಿಯು ಎತ್ತುತ್ತಿದ್ದನು. ಆಜ್ಞೆಯು ಊರಿನದು, ಕೈ ಅವನದು, ಸಾಕ್ಷಿ ಗದ್ದೆಯವರೆಲ್ಲ. ಕೃಷ್ಣೆಗೆ ೧೯೬೪ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ಅಡಿಗಲ್ಲಿಟ್ಟ ಆಲಮಟ್ಟಿಯ ಅಣೆಕಟ್ಟಿಗೆ ೨೬ ಬಾಗಿಲುಗಳು, ೫೧೯.೬ ಮೀಟರ್ ಮಟ್ಟದ ವರೆಗೆ ಸುಮಾರು ೧೨೩ ಟಿ.ಎಂ.ಸಿ. ನೀರು. ಇದರ ಹಿನ್ನೀರಿನಲ್ಲಿ ಬೀಳಗಿ ಜಮಖಂಡಿಗಳ ಕಡೆಯ ಹಳ್ಳಿಗಳೂ ಹಳೆಯ ಬಾಗಲಕೋಟೆಯ ಬಹುಭಾಗವೂ ಹೋದುವು. ಮೇಲೆ ಮಹಾರಾಷ್ಟ್ರದಲ್ಲಿ ಕೊಯ್ನಾ ಮೊದಲಾದ ಜಲಾಶಯಗಳು, ಜಮಖಂಡಿಯ ಬಳಿ ಹಿಪ್ಪರಗಿಯ ಬ್ಯಾರೇಜು, ಮುಧೋಳದ ಮೇಲುಗಡೆ ಘಟಪ್ರಭೆಗೆ ಹಿಡಕಲ್ಲು. ಈ ಸೀಮೆಯ ಸ್ಥಿತಿಯು ಇದು: ಮೇಲಿನವರು ಎಷ್ಟು ಬಿಟ್ಟರು, ಕೆಳಗಿನವರು ಎಷ್ಟು ಹಿಡಿದರು ಎಂಬ ಎರಡು ಅಂಕಗಳ ನಡುವೆ ಜನರು ಬಾಳಬೇಕು. ೨೦೧೯ನೆಯ ಆಗಸ್ಟಿನಲ್ಲಿ ಕೃಷ್ಣಾ ಘಟಪ್ರಭೆಗಳು ಉಕ್ಕಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ತಾಲೂಕುಗಳ ದಡದ ಹಳ್ಳಿಗಳು ಮುಳುಗಿದಾಗ ದನಕರುಗಳನ್ನು ಬಿಚ್ಚಿಕೊಂಡು ಓಡಬೇಕೇ ಇರಬಹುದೇ ಎಂಬುದನ್ನು ಆ ಅಂಕಗಳೇ ನಿರ್ಣಯಿಸಿದುವು. ಅಂಕವು ಸುಳ್ಳಾದರೆ ಏನಾಗುವುದೆಂದು ಆ ಇರುಳನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. (ಮುದುವೊಳಲಿನ ರನ್ನನು ತನ್ನ ದುರ್ಯೋಧನನನ್ನು ವೈಶಂಪಾಯನ ಸರೋವರದಲ್ಲಿ ಜಲಮಂತ್ರದ ಬಲದಿಂದ ಅಡಗಿಸಿದನು. ನೀರು ಮಂತ್ರಾಕ್ಷರಗಳಿಗೆ ವಶವಾಗುವುದೆಂಬುದು ಅವನ ಊರಿನವರಿಗೆ ಈಗ ಕಾವ್ಯದ ಮಾತಷ್ಟೇ ಅಲ್ಲ.)

ಕೃಷ್ಣಾ ಭೀಮಾ ಕೊಳ್ಳಗಳಲ್ಲಿ ಮಳೆಯನ್ನೂ ಮಟ್ಟವನ್ನೂ ತಾವೇ ಅಳೆದು ಕಳುಹಿಸುವ ಕೇಂದ್ರಗಳನ್ನು ಮಹಾರಾಷ್ಟ್ರ ಸರಕಾರವು ಸ್ಥಾಪಿಸಿದೆ. ಆಲಮಟ್ಟಿಯ ಕೆಳಗೆ ನಾರಾಯಣಪುರದ ಎಡದಂಡೆಯ ಕಾಲುವೆಯನ್ನು ಸುಮಾರು ೪,೭೦೦ ಕೋಟಿ ರೂಪಾಯಿಗಳ ವೆಚ್ಚದಿಂದ ನವೀಕರಿಸಿ, ಅದರ ಬಾಗಿಲುಗಳನ್ನು ದೂರದಿಂದ ನೋಡಿ ನಡೆಸುವ ‘ಸ್ಕಾಡಾ’ ಪದ್ಧತಿಯನ್ನು ಅಳವಡಿಸಿ, ೨೦೨೩ನೆಯ ಜನವರಿ ೧೯ರಂದು ಕೊಡೇಕಲ್ಲಿನಲ್ಲಿ ಪ್ರಧಾನಮಂತ್ರಿಗಳಿಂದ ಲೋಕಾರ್ಪಣ ಮಾಡಿಸಿದರು. ಕಾಲುವೆಯ ಕೊನೆಯ ಹೊಲಕ್ಕೂ ನೀರು ಮುಟ್ಟುವುದಕ್ಕೆ ಇದು ಅವಶ್ಯವಾದ ಕಾರ್ಯವೇ. ಇದನ್ನು ಬೇಡವೆನ್ನುವುದು ನಮ್ಮ ಅಭಿಪ್ರಾಯವಲ್ಲ. ನೀರಗಂಟಿಯ ಕೈಯನ್ನು ತಂತಿಯು ವಹಿಸಿಕೊಂಡಾಗ ಊರಿನ ಆಜ್ಞೆ, ಗದ್ದೆಯವರ ಸಾಕ್ಷಿ ಈ ಎರಡನ್ನೂ ಯಾರು ವಹಿಸಿಕೊಂಡರೆಂಬುದೇ ಪ್ರಶ್ನೆ.

ನೀರಿನ ಯಂತ್ರಗಳಿಗೆ ಕೂಟಾಜ್ಞೆಗಳು ಹೋದುದು ಇತಿಹಾಸದಲ್ಲಿ ದಾಖಲೆಯಾಗಿದೆ. ೨೦೦೦ನೆಯ ಇಸವಿಯಲ್ಲಿ ಆಸ್ಟ್ರೇಲಿಯದ ಮರೂಚಿ ಪ್ರಾಂತದಲ್ಲಿ, ಚರಂಡಿಯ ಪಂಪುಗಳನ್ನು ಕೂಡಿಸಿದ ಕಂಪನಿಯಲ್ಲಿ ಹಿಂದೆ ಕೆಲಸಮಾಡಿದವನೊಬ್ಬನು ಮೋಟಾರಿನಲ್ಲಿ ರೇಡಿಯೋ ಇಟ್ಟುಕೊಂಡು ಆ ಪಂಪುಗಳಿಗೆ ಕೂಟಾಜ್ಞೆಗಳನ್ನು ಕಳುಹಿಸಿದನು. ಸುಮಾರು ೮ ಲಕ್ಷ ಲೀಟರು ಹೊಲಸು ನೀರು ಹೊಳೆ ತೋಟಗಳಿಗೆ ಹರಿಯಿತು. ಅವನು ಬೀಗವನ್ನು ಮುರಿಯಲಿಲ್ಲ. ಮನೆಯ ಮಾತನ್ನು ಬಲ್ಲವನಾಗಿದ್ದನು. ೨೦೧೩ರಲ್ಲಿ ನ್ಯೂಯಾರ್ಕಿನ ಬಳಿಯ ಬೌಮನ್ ಎಂಬ ಸಣ್ಣ ಅಣೆಕಟ್ಟಿನ ನಿಯಂತ್ರಣಕ್ಕೆ ಪರದೇಶದಿಂದ ಒಬ್ಬನು ನುಸುಳಿದನು. ದುರಸ್ತಿಗಾಗಿ ಬಾಗಿಲಿನ ಕೊಂಡಿಯನ್ನು ಕೈಯಿಂದ ಕಳಚಿಟ್ಟಿದ್ದುದರಿಂದ ಅನರ್ಥವು ತಪ್ಪಿತು. ೨೦೨೫ನೆಯ ಏಪ್ರಿಲಿನಲ್ಲಿ ನಾರ್ವೆಯ ಬ್ರೆಮಾಂಗೆರಿನಲ್ಲಿ ಅದೃಷ್ಟವು ಅಷ್ಟು ಒಳ್ಳೆಯದಿರಲಿಲ್ಲ: ಅಲ್ಲಿಯ ಅಣೆಕಟ್ಟಿನ ಕವಾಟವನ್ನು ಹೊರಗಿನವರು ತೆರೆದು, ಸೆಕೆಂಡಿಗೆ ಸುಮಾರು ೫೦೦ ಲೀಟರಿನಂತೆ ನಾಲ್ಕು ತಾಸು ನೀರು ಹೋಯಿತು.

ಇವೆಲ್ಲ ಒರಟು ಕೆಲಸಗಳು. ೨೦೧೦ನೆಯ ಜೂನಿನಲ್ಲಿ ಬೆಲರೂಸಿನ ಒಂದು ಸಂಸ್ಥೆಯವರು ಕಂಡುಹಿಡಿದ ‘ಸ್ಟಕ್ಸ್‌ನೆಟ್’ ಎಂಬ ಕೂಟಲೇಖವು ಮಾತ್ರ ಶಾಸನಪರಿಶೋಧಕರ ವಿಶೇಷ ಗಮನಕ್ಕೆ ಅರ್ಹವಾದುದು. ಅದು ಇರಾನಿನ ನತಾಂಜ್ ಎಂಬಲ್ಲಿ ಯುರೇನಿಯಮ್ಮನ್ನು ಶೋಧಿಸುವ ತಿರುಗುಕೊಳವೆಗಳನ್ನು ಕೆಡಿಸುವುದಕ್ಕಾಗಿ ಹೆಣೆದುದು. ಆ ಸ್ಥಳಕ್ಕೆ ಹೊರಗಿನ ತಂತಿ ಇರಲಿಲ್ಲ. ಪೆನ್ ಡ್ರೈವಿನಲ್ಲಿ ಕುಳಿತು ಅದು ಒಳಗೆ ಹೋಯಿತು. ಗಣಕಯಂತ್ರವು ಅಪರಿಚಿತ ಲೇಖವನ್ನು ಒಳಗೆ ಬಿಡುವ ಮೊದಲು ಮುದ್ರೆಯನ್ನು ಕೇಳುವುದು. ಇದರಲ್ಲಿ ಮುದ್ರೆಯಿತ್ತು, ಅದೂ ನಿಜವಾದ ಮುದ್ರೆಯೇ. ತೈವಾನಿನ ರಿಯಲ್‌ಟೆಕ್, ಜೆಮೈಕ್ರಾನ್ ಎಂಬ ಎರಡು ಹೆಸರಾಂತ ಕಂಪನಿಗಳ ಮುದ್ರೆಗಳನ್ನು ಕದ್ದು ಒತ್ತಿದ್ದರು. ಒಳಹೊಕ್ಕ ಮೇಲೆ ಸೆಕೆಂಡಿಗೆ ೧,೦೬೪ ಸುತ್ತುಗಳ ಬಳಿ ತಿರುಗಬೇಕಾದ ಕೊಳವೆಗಳನ್ನು ೧,೪೧೦ಕ್ಕೆ ಏರಿಸಿ, ಬೇರೊಮ್ಮೆ ೨ಕ್ಕೆ ಇಳಿಸುವಂತೆ ಅದು ಆಜ್ಞೆ ಮಾಡಿತು. ಇಷ್ಟಾದರೆ ಅದು ಕೂಟಶಾಸನದ ಜಾತಿಗೆ ಸೇರಿದುದೆಂದು ಬಿಡಬಹುದಾಗಿತ್ತು. ಅದರ ಅಪೂರ್ವತೆಯು ಮುಂದಿನ ಹೆಜ್ಜೆಯಲ್ಲಿದೆ. ಎಲ್ಲವೂ ಸರಿಯಾಗಿದ್ದ ಕಾಲದ ಅಳತೆಗಳನ್ನು ಅದು ಮೊದಲೇ ಬರೆದಿಟ್ಟುಕೊಂಡು, ಕೊಳವೆಗಳು ಕೆಡುತ್ತಿರುವಾಗ ಆ ಹಳೆಯ ಅಳತೆಗಳನ್ನೇ ಕಾವಲುಗಾರರಿಗೆ ಓದಿ ಹೇಳಿತು. ಆಜ್ಞೆಯನ್ನು ಕೃತ್ರಿಮ ಮಾಡಿದುದಲ್ಲದೆ ಸಾಕ್ಷಿಯನ್ನೂ ಕೃತ್ರಿಮ ಮಾಡಿತು. ನಮ್ಮ ತಾಮ್ರಪಟಗಳ ಕೂಟಲೇಖಕರು ಸಾಕ್ಷಿಗಳ ಹೆಸರನ್ನು ಬರೆದಿರಬಹುದು. ಬದುಕಿರುವ ಸಾಕ್ಷಿಯ ಬಾಯಲ್ಲಿ ನಿಂತು ಮಾತನಾಡಿದವರಿಲ್ಲ. ಇರಾನ್, ಇಂಡೋನೇಷ್ಯಗಳ ತರುವಾಯ ಈ ಲೇಖವು ಹೆಚ್ಚಾಗಿ ಹರಡಿದ ದೇಶವು ಹಿಂದುಸ್ಥಾನವೇ. ಅದು ಹುಡುಕುತ್ತಿದ್ದ ಯಂತ್ರಗಳು ಇಲ್ಲಿರದ ಕಾರಣ ಸುಮ್ಮನೆ ಮಲಗಿತು.

ಯಂತ್ರವನ್ನು ಹೊರತಂತಿಯಿಂದ ದೂರವಿಟ್ಟರೆ ಸಾಕೆಂಬ ಅಭಿಪ್ರಾಯವನ್ನು ಇಂಜಿನಿಯರರಲ್ಲಿ ಅನೇಕರು ಹೇಳುವರು. ನತಾಂಜಿನ ವೃತ್ತಾಂತವು ಅದನ್ನು ಅರ್ಧ ಖಂಡಿಸುತ್ತದೆ. ಉಳಿದರ್ಧಕ್ಕೆ ನಮ್ಮ ದೇಶದ್ದೇ ಆಧಾರವುಂಟು. ೨೦೧೯ನೆಯ ಸೆಪ್ಟೆಂಬರ್ ೪ರಂದು ತಮಿಳುನಾಡಿನ ಕೂಡಂಕುಳಮ್ ಅಣುವಿದ್ಯುತ್ ಸ್ಥಾವರದ ಸಂಬಂಧದಲ್ಲಿ ಒಂದು ದುಷ್ಟಲೇಖದ ಸುದ್ದಿಯು ಮುಟ್ಟಿತು. ಅಕ್ಟೋಬರ್ ೨೯ರಂದು ಸ್ಥಾವರದವರು ಅದನ್ನು ಅಲ್ಲಗಳೆದರು. ಮರುದಿನ ಅಣುವಿದ್ಯುತ್ ನಿಗಮವು ಒಪ್ಪಿಕೊಂಡು, ಸೋಂಕಿದ ಗಣಕಯಂತ್ರವು ಕಚೇರಿಯ ಕೆಲಸದ್ದೆಂದೂ ಸ್ಥಾವರವನ್ನು ನಡೆಸುವ ಜಾಲಕ್ಕೂ ಅದಕ್ಕೂ ಸಂಬಂಧವಿಲ್ಲವೆಂದೂ ತಿಳಿಸಿತು. ಕೋಟೆಯ ಹೊರಸುತ್ತು ಹೋಯಿತು, ಒಳಸುತ್ತು ಉಳಿಯಿತು. ಆದಕಾರಣ ಬೇಲಿಯು ವ್ಯರ್ಥವಲ್ಲ; ಬೇಲಿಯೊಂದೇ ಸಾಲದು. ಒಂದು ದಿನದಲ್ಲಿ ಎರಡು ಮಾತಾದುದೂ ಇತಿಹಾಸಕಾರನು ಗುರುತಿಟ್ಟುಕೊಳ್ಳಬೇಕಾದ ವಿಷಯ.

ಕಾಯಿದೆಗಳ ಚರಿತ್ರೆಯನ್ನು ಚಿಕ್ಕದಾಗಿ ಹೇಳಬಹುದು. ೨೦೦೦ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯ ೭೦ನೆಯ ಕಲಮು ಸರಕಾರವು ರಕ್ಷಿತವೆಂದು ಸಾರಿದ ಯಂತ್ರಜಾಲಕ್ಕೆ ನುಗ್ಗಿದವನಿಗೆ ಹತ್ತು ವರ್ಷಗಳ ವರೆಗೆ ಕಾರಾಗೃಹವನ್ನು ವಿಧಿಸುತ್ತದೆ. ಇಂತಹ ಜಾಲಗಳನ್ನು ಕಾಯುವ ರಾಷ್ಟ್ರೀಯ ಕೇಂದ್ರವು ೨೦೧೪ನೆಯ ಜನವರಿಯಲ್ಲಿ ಸ್ಥಾಪಿತವಾಯಿತು. ೨೦೨೧ನೆಯ ಅಕ್ಟೋಬರಿನಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರವು ವಿದ್ಯುತ್ತಿನ ಸಂಸ್ಥೆಗಳಿಗೆಲ್ಲ ಮಾರ್ಗಸೂಚಿಯನ್ನು ಹೊರಡಿಸಿ, ಯಂತ್ರ ನಡೆಸುವ ಜಾಲವನ್ನು ಕಚೇರಿಯ ಜಾಲದಿಂದ ಬೇರ್ಪಡಿಸಬೇಕೆಂದು ವಿಧಿಸಿತು. ನೀರಿನ ಬಾಗಿಲುಗಳಿಗೂ ಅಷ್ಟೇ ಕಟ್ಟುನಿಟ್ಟಾದ ಕಟ್ಟಳೆಯು ಬೇಕೆಂದು ನಮಗೆ ತೋರುತ್ತದೆ. ವಿದ್ಯುತ್ತು ಹೋದರೆ ಕತ್ತಲೆ, ನೀರು ಬಂದರೆ ಮನೆಯೇ ಇರದು.

ಆಪತ್ತಿನಲ್ಲಿ ಕಾಪಾಡಿದುದು ಯಾವುದು ಎಂಬುದನ್ನೂ ನೋಡಬೇಕು. ೨೦೧೫ನೆಯ ಡಿಸೆಂಬರ್ ೨೩ರಂದು ಯುಕ್ರೇನಿನ ಮೂರು ವಿದ್ಯುತ್ ಕಂಪನಿಗಳ ನೌಕರರು ತಮ್ಮ ಪರದೆಯ ಮೇಲಿನ ಬಾಣವು ತಾನಾಗಿ ಓಡಾಡಿ ಒಂದೊಂದೇ ಕೊಂಡಿಯನ್ನು ಕಳಚುವುದನ್ನು ಕುಳಿತಲ್ಲಿಂದಲೇ ಕಂಡರು. ಕಳ್ಳರು ಅವರ ಗುಟ್ಟಿನ ಪದಗಳನ್ನು ತಿಂಗಳುಗಳ ಮೊದಲೇ ಕದ್ದಿದ್ದರು. ಸುಮಾರು ೨ ಲಕ್ಷ ೨೫ ಸಾವಿರ ಗ್ರಾಹಕರಿಗೆ ಬೆಳಕು ಹೋಯಿತು. ಆದರೂ ಕೆಲವೇ ತಾಸುಗಳಲ್ಲಿ ಮರಳಿ ಬಂದಿತು: ಅಲ್ಲಿಯ ಹಳೆಯ ಉಪಕೇಂದ್ರಗಳಲ್ಲಿ ಕೈಯಿಂದ ಹಾಕುವ ಹಿಡಿಗಳು ಇನ್ನೂ ಇದ್ದುವು, ಅವನ್ನು ಹಾಕಬಲ್ಲವರೂ ಇದ್ದರು. ನಮ್ಮಲ್ಲಿ ೨೦೨೪ನೆಯ ಆಗಸ್ಟ್ ೧೦ರ ರಾತ್ರಿ ತುಂಗಭದ್ರೆಯ ೩೩ ಬಾಗಿಲುಗಳಲ್ಲಿ ೧೯ನೆಯದು ಕೊಚ್ಚಿಹೋದುದು ಯಾರ ಕೂಟಾಜ್ಞೆಯಿಂದಲೂ ಅಲ್ಲ, ಸರಪಣಿಯು ಕಡಿದುದರಿಂದ. ಆದರೆ ಹರಿಯುವ ನೀರಿನಲ್ಲಿಯೇ ತಡೆಹಲಗೆಗಳನ್ನು ಇಳಿಸಿ ಒಂದು ವಾರದಲ್ಲಿ ಅದನ್ನು ಮುಚ್ಚಿದುದು ಬಾಗಿಲುಗಳ ತಜ್ಞರಾದ ಕನ್ನಯ್ಯ ನಾಯ್ಡು ಅವರ ಹಾಗೂ ಅವರೊಡನಿದ್ದ ಕೆಲಸಗಾರರ ಅನುಭವ. ಹಿಪ್ಪರಗಿಯಲ್ಲಿಯೋ ಆಲಮಟ್ಟಿಯಲ್ಲಿಯೋ ಬಾಗಿಲನ್ನು ಕೈಯಿಂದ ನಡೆಸಬಲ್ಲವನನ್ನು ಹಣ ಉಳಿಸುವುದಕ್ಕಾಗಿ ತೆಗೆದುಹಾಕುವ ಕಾಲ ಬಂದರೆ ಈ ಎರಡು ಪ್ರಸಂಗಗಳನ್ನೂ ನೆನೆಯುವುದು ಒಳ್ಳೆಯದು.

ಸಾಕ್ಷಿಯ ವಿಷಯದಲ್ಲಿ ಗ್ರಂಥಸಂಪಾದಕರಿಗೆ ಗೊತ್ತಿರುವ ಒಂದು ನಿಯಮವನ್ನು ಇಲ್ಲಿಗೂ ಅನ್ವಯಿಸಬಹುದು. ಒಂದು ಕಾವ್ಯಕ್ಕೆ ಹತ್ತು ಓಲೆಯ ಪ್ರತಿಗಳು ದೊರೆತು ಹತ್ತರಲ್ಲಿಯೂ ಒಂದೇ ಪಾಠವಿದ್ದರೂ, ಆ ಹತ್ತೂ ಒಂದೇ ಮಾತೃಕೆಯಿಂದ ಇಳಿದುವಾದರೆ ಅವು ಹತ್ತು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ. ಆಲಮಟ್ಟಿಯ ಪರದೆಯ ಮೇಲಣ ಅಂಕವೂ ಬಾಗಲಕೋಟೆಯ ಪರದೆಯ ಮೇಲಣ ಅಂಕವೂ ಬೆಂಗಳೂರಿನ ಪರದೆಯ ಮೇಲಣ ಅಂಕವೂ ಒಂದೇ ಆಗಿರಬಹುದು. ಮೂರೂ ಒಂದೇ ಉಪಕರಣದಿಂದ ಬಂದಿದ್ದರೆ ಅವುಗಳ ಸಾಮ್ಯದಿಂದ ಏನೂ ಸಿದ್ಧವಾಗುವುದಿಲ್ಲ. ನತಾಂಜಿನ ಪರದೆಗಳೂ ತಮ್ಮೊಳಗೆ ಚೆನ್ನಾಗಿ ಒಪ್ಪುತ್ತಿದ್ದುವು. ಬೇರೆ ಶಾಖೆಯ ಪ್ರತಿಯೊಂದು ಬೇಕು. ನದಿಯ ದಂಡೆಯಲ್ಲಿ ಅಡಿ ಮೀಟರುಗಳನ್ನು ಬಣ್ಣದಿಂದ ಬರೆದು ನೆಟ್ಟ ಅಳತೆಗಲ್ಲನ್ನು ಒಬ್ಬನು ತಾಸಿಗೊಮ್ಮೆ ನೋಡಿ ಪುಸ್ತಕದಲ್ಲಿ ಬರೆದರೆ ಅದು ಅಂತಹ ಪ್ರತಿ. ಯಾವ ತಂತಿಯೂ ಅದನ್ನು ಮುಟ್ಟಲಾರದು. ಆ ಪುಸ್ತಕವನ್ನು ಪರದೆಯ ಅಂಕದೊಡನೆ ದಿನವೂ ತಾಳೆನೋಡುವುದು ಇಂಜಿನಿಯರರ ಕೆಲಸ. ವರ್ಷ ತುಂಬಿದ ಮೇಲೆ ಅದನ್ನು ರದ್ದಿಗೆ ಹಾಕದೆ ದಫ್ತರದಲ್ಲಿ ಕಾಪಾಡಿದರೆ ಇತಿಹಾಸಕಾರರಿಗೂ ಅದರ ಉಪಯೋಗವುಂಟು: ೨೦೧೯ರ ಆಗಸ್ಟಿನಲ್ಲಿ ಜಮಖಂಡಿ ಮುಧೋಳಗಳ ದಂಡೆಗೆ ಯಾವ ದಿನ ಯಾವ ತಾಸಿಗೆ ಎಷ್ಟು ನೀರು ಬಂದಿತೆಂಬ ಚರಿತ್ರೆಯನ್ನು ಇನ್ನು ನೂರು ವರ್ಷಗಳ ಮೇಲೆ ಬರೆಯುವವನು ಮೊದಲು ಕೇಳುವುದು ಅಂತಹ ಪುಸ್ತಕವನ್ನೇ.